ಮಗುವನ್ನು ರಜೆಯ ಮೇಲೆ ಕಳಿಸಿ

ಸ್ತಾರಿ ಬ್ರೋದ್ ಗ್ರಾಮ, ತುಂಜಾ ಹೊಳೆಯ ದಂಡೆ
3 ಅಕ್ಟೋಬರ್ 1984

ಗೌರವಾನ್ವಿತ ಪುರಾತತ್ವಜ್ಞೆ ಕಾಮ್ರೇಡ್ ವೆಸೆಲಾ ಅವರಿಗೆ,

ಬಲ್ಗೇರಿಯಾದ ಸಮಸ್ತ ನಾಗರಿಕರಿಗೂ, ರಾಜಧಾನಿ ಸೋಫಿಯಾದ ವಿದ್ವಾಂಸರಿಗೂ, ಇನ್ನೂ ಹುಟ್ಟದಿರುವ ಪೀಳಿಗೆಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಎಂಟೂಕಾಲಿಗೆ ದಿಬ್ಬದ ಮೇಲಿನ ಕಾವಲು ಗುಡಿಸಲಿನ ಬಾಗಿಲ ಕೀಲಿಗೆ ಎಣ್ಣೆ ಬಿಡಲಾಯಿತು. ಎಣ್ಣೆ ಸೂರ್ಯಕಾಂತಿಯದು. ಪ್ರಮಾಣ ಒಂದು ಚಮಚ. ಸಮಾರಂಭದಲ್ಲಿ ಉಪಸ್ಥಿತರಿದ್ದವರು ನಾನು ಮತ್ತು ಒಂದು ಕತ್ತೆ. ಹದಿನಾಲ್ಕು ವರ್ಷ ಕಿರುಗುಟ್ಟಿದ ಬಾಗಿಲು ಈಗ ಬಾಯಿ ಮುಚ್ಚಿಕೊಂಡಿದೆ. ಭಾಷಣ ಮಾಡಲು ಯಾರೂ ಸಿಗದ ಕಾರಣ ಕತ್ತೆಯೇ ಎರಡು ಮಾತಾಡಿತು.

ಇನ್ನು ಕೆಲಸದ ವರದಿ. ನಿಮ್ಮ ಜೀಪು ಹೊರಟ ಮೇಲೆ ಈ ವರ್ಷ ಅಗೆದ ಗುಂಡಿಗಳನ್ನೆಲ್ಲ ಮುಚ್ಚಿದ್ದೇವೆ. ಮುಚ್ಚುವ ಮುಂಚೆ, ನಮ್ಮ ಪದ್ಧತಿಯಂತೆ, ಪ್ರತಿ ಗುಂಡಿಯ ತಳದಲ್ಲೂ ಈ ವರ್ಷದ್ದೇ ಒಂದು ಸ್ತೋತಿಂಕಾ ನಾಣ್ಯ ಇಟ್ಟಿದ್ದೇನೆ. ನಾಳೆ ಯಾರಾದರೂ ಅಗೆದರೆ, "ಓಹೋ, 1984ರಲ್ಲೇ ಇಲ್ಲಿ ಯಾರೋ ಕೈಯಾಡಿಸಿ ಹೋಗಿದ್ದಾರೆ" ಎಂದು ಗೊತ್ತಾಗಿ ಪೆಚ್ಚಾಗಲಿ.

ಜಿಲ್ಲಾ ಪತ್ರಿಕೆಯಲ್ಲಿ ನನ್ನ ಫೋಟೋ ಬಂದದ್ದನ್ನು ನೋಡಿದಿರಾ? "ಏಳು ಸಾವಿರ ವರ್ಷದ ಹಸುಗೂಸನ್ನು ಕಂಡ ಕಾವಲುಗಾರ ಗ್ರೂಡಿ." ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಕೈಯಲ್ಲಿ ಕುಂಚ, ಮುಖದಲ್ಲಿ ಗಾಂಭೀರ್ಯ. ಬಂದವರಿಗೆಲ್ಲ ತೋರಿಸುತ್ತೇನೆ. ಬಾರದವರನ್ನು ಕರೆದು ತೋರಿಸುತ್ತೇನೆ.

ಆದರೆ ನನ್ನ ಹೆಂಡತಿ ರೂಸಾ ಆ ಫೋಟೋದತ್ತ ತಿರುಗಿಯೂ ನೋಡುವುದಿಲ್ಲ. ಹೊಳೆಕಡೆಯ ಇಳಿಜಾರಿನಲ್ಲಿದ್ದ ಆ ಹಳೆಯ ಹಿಪ್ಪುನೇರಳೆ ಮರವನ್ನು ನೀವು ಕಡಿಸಿದಿರಲ್ಲ, ಅಂದಿನಿಂದ ಸಿಟ್ಟು. ಮರ ಕಡಿಯದೆ ಗುಂಡಿ ತೆಗೆಯುವುದು ಹೇಗೆ ಎಂದು ಕೇಳಿದರೆ ಬೆನ್ನು ತಿರುಗಿಸಿ ಹಿಟ್ಟು ನಾದುತ್ತಾಳೆ. ಎಂಟು ವರ್ಷ ನಿಮ್ಮ ಮಡಕೆ ಚೂರುಗಳನ್ನು ತೊಳೆದವಳು, ಒಂದು ದಿನ ಗೊಣಗದವಳು, ಕೊನೆಯ ದಿನ ಮಾತ್ರ ಮಗುವಿನ ಪೆಟ್ಟಿಗೆಯನ್ನು ಡ್ರೈವರನ ಕೈಗೆ ಕೊಡದೆ ತಾನೇ ಎತ್ತಿಕೊಂಡು ಜೀಪಿನವರೆಗೆ ನಡೆದಳು. ನಿಮಗೆ ನೆನಪಿರಬಹುದು. "ನಿಧಾನಕ್ಕೆ ಓಡಿಸಪ್ಪಾ, ಗುಂಡಿ ಗೊಟರು ನೋಡ್ಕೊಂಡು" ಎಂದಳು. ಏಳು ಸಾವಿರ ವರ್ಷ ಮಲಗಿದ್ದು ಗುಂಡಿಗೊಟರಿಗೆ ಏಳುತ್ತದೆಯೇ!

ಈಗ ದಿನಾ ಒಂದೇ ಪ್ರಶ್ನೆ. "ಅದು ಅಷ್ಟು ಹಳೇದು ಅಂತ ಆಯಮ್ಮಂಗೆ ಹೆಂಗ್ ಗೊತ್ತು?"

"ಏಳು ಸಾವಿರ ವರ್ಷದ ಮನೆಯ ನೆಲದ ಕೆಳಗೆ ಸಿಕ್ತಲ್ಲೇ," ಎಂದೆ.

"ಮಂಚದ ಕೆಳಗೆ ಸಿಕ್ಕಿದ ಚಪ್ಪಲಿ ಮಂಚದಷ್ಟೇ ಹಳೇದಾ?" ಎಂದಳು.

ಈ ಪ್ರಶ್ನೆಗೆ ವಿಜ್ಞಾನದ ಉತ್ತರವೇನು, ದಯವಿಟ್ಟು ತಿಳಿಸಿ. ಮನೆಯಲ್ಲಿ ನನ್ನ ಮರ್ಯಾದೆಯ ಪ್ರಶ್ನೆ.

ಕೆಂಪು ಮೆಣಸಿನಕಾಯಿ ಚಟ್ನಿಯ ಆರು ಸೀಸೆ ಕಳಿಸಿದ್ದಾಳೆ. ಖಾಲಿಯಾದ ಮೇಲೆ ಸೀಸೆಗಳು ವಾಪಸ್ ಬರಬೇಕು. ಕಳೆದ ವರ್ಷದ ಐದು ಇನ್ನೂ ಬಂದಿಲ್ಲ ಎಂದು ರೂಸಾ ಕಚೇರಿಯಿಂದ ಖಡಕ್ ಸೂಚನೆ.

ದಿಬ್ಬದ ಕಾವಲುಗಾರ,
ಗ್ರೂಡಿ


ಸೋಫಿಯಾ
21 ನವೆಂಬರ್ 1984

ಪ್ರೀತಿಯ ಗ್ರೂಡಿಯಣ್ಣ,

ಬಾಗಿಲ ಕೀಲಿನ ಸುದ್ದಿ ತಿಳಿದು ಇಡೀ ಸಂಸ್ಥೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕತ್ತೆಯ ಭಾಷಣದ ಪ್ರತಿ ಇದ್ದರೆ ಕಳಿಸಿ. ನಮ್ಮಲ್ಲಿ ಅದಕ್ಕಿಂತ ಕೆಟ್ಟ ಭಾಷಣಗಳು ಅಚ್ಚಾಗುತ್ತಿವೆ.

ರೂಸಕ್ಕನ ಚಪ್ಪಲಿಗೆ ವಿಜ್ಞಾನದ ಉತ್ತರ ಇದು. ಮಗುವಿನ ಮೇಲಿದ್ದ ಕೆಮ್ಮಣ್ಣಿನ ನೆಲ ಎಲ್ಲೂ ಒಡೆದಿರಲಿಲ್ಲ. ಮೇಲಿನಿಂದ ಯಾರಾದರೂ ಅಗೆದು ಹೂತಿದ್ದರೆ ನೆಲದಲ್ಲಿ ತೂತಿರಬೇಕಿತ್ತು. ಇಲ್ಲ. ಅಂದರೆ ಮಗು ಮೊದಲು, ನೆಲ ಆಮೇಲೆ. ಆಗಿನವರು ಸತ್ತ ಕೂಸುಗಳನ್ನು ದೂರ ಕಳಿಸುತ್ತಿರಲಿಲ್ಲ, ತಾವು ಮಲಗುವ ನೆಲದ ಕೆಳಗೇ ಇಟ್ಟುಕೊಳ್ಳುತ್ತಿದ್ದರು. ಒಂದು ಪಕ್ಕದಲ್ಲಿ, ಇಳಿಜಾರಿನ ಕಡೆ, ಸ್ವಲ್ಪ ಸಡಿಲ ಮಣ್ಣಿತ್ತು ನಿಜ. ಅದು ನಿಮ್ಮ ಹಿಪ್ಪುನೇರಳೆ ಬೇರಿನ ಚೇಷ್ಟೆ. ಹಾಗೆಂದು ರೂಸಕ್ಕನಿಗೆ ಹೇಳಿ.

ಮಗು ಕ್ಷೇಮ. ಹಣೆ ಮತ್ತು ಒಂದು ಭುಜ ಮಾತ್ರ ಕಾಣುವಂತೆ ಮಣ್ಣಿನ ಹೆಂಟೆ ಸಮೇತ ಎತ್ತಿ ತಂದೆವಲ್ಲ, ಹಾಗೆಯೇ ಇದೆ. ಇನ್ನೂ ಬಿಡಿಸಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವುದು: "ವಸ್ತು ಸಂಖ್ಯೆ 214. ಹಸುಗೂಸು. ಲಿಂಗ: ತಿಳಿದಿಲ್ಲ. ಕಂಡವರು: ಗ್ರೂಡಿ." ನೋಡಿ, ನಿಮ್ಮ ಹೆಸರು ರಿಜಿಸ್ಟರಿಗೂ ಏರಿತು. ವಸಂತದ ಸಮ್ಮೇಳನದಲ್ಲಿ ಈ ಮಗುವಿನ ಬಗ್ಗೆ ಪ್ರಬಂಧ ಓದುತ್ತೇನೆ. ತುಂಜಾ ಕಣಿವೆಯಲ್ಲಿ ಇಷ್ಟು ಹಳೆಯ ಕೂಸು ಇದೇ ಮೊದಲು. ಹದಿನಾಲ್ಕು ವರ್ಷ ಅಗೆದದ್ದಕ್ಕೆ ನನಗೆ ಸಿಕ್ಕ ಮಗು ಅನ್ನಿ!

ಚಟ್ನಿ ಮುಗಿಯುತ್ತಾ ಬಂತು. ಸೀಸೆಗಳು ಖಂಡಿತ ಬರುತ್ತವೆ.

ನಿಮ್ಮ,
ವೆಸೆಲಾ


ಸ್ತಾರಿ ಬ್ರೋದ್
17 ಫೆಬ್ರವರಿ 1985

ಕಾಮ್ರೇಡ್ ವೆಸೆಲಾ,

ನೆಲದ ತರ್ಕವನ್ನು ರೂಸಾಳಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಓದುವಾಗ ಎದ್ದು ಹೋಗಿ ಕೋಳಿಗಳಿಗೆ ಕಾಳು ಹಾಕಿದಳು. ವಿಜ್ಞಾನವು ಗೆದ್ದಿತು ಎಂದು ನಾನು ಭಾವಿಸಿದ್ದೇನೆ. ಕೋಳಿಗಳ ಅಭಿಪ್ರಾಯ ತಿಳಿದಿಲ್ಲ.

ನಿನ್ನೆ ಸತ್ತವರ ಶನಿವಾರ. ರೂಸಾ ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ಓಣಿಗೆಲ್ಲ ಹಂಚಿದಳು. ಅವರಪ್ಪನ ಹೆಸರಲ್ಲಿ ಒಂದು ಬಟ್ಟಲು, ನಮ್ಮಮ್ಮನ ಹೆಸರಲ್ಲಿ ಒಂದು. ಕೊನೆಗೆ ಒಂದು ಬಟ್ಟಲು ಉಳಿಯಿತು.

"ಇದು ಯಾರ ಹೆಸರಲ್ಲೇ?"

"ಹೆಸರಿಲ್ಲದೋರ ಹೆಸರಲ್ಲಿ. ನೀನು ತಿನ್ನು, ಸುಮ್ನೆ."

ತಿಂದೆ. ನಮಗೂ ಒಂದಿತ್ತು, ನಿಮಗೆ ಹೇಳಿದ್ದೆನೋ ಇಲ್ಲವೋ. 1957ರಲ್ಲಿ. ಹೆಣ್ಣು. ಒಂಬತ್ತು ದಿನ ಬದುಕಿತ್ತು. ನಾನಾಗ ಸೈನ್ಯದ ಕಟ್ಟಡ ದಳದಲ್ಲಿ ಕಾಲುವೆ ತೋಡುತ್ತಿದ್ದೆ. ಹುಟ್ಟಿದ ಕಾಗದ ಬಂದಾಗ ರಜೆ ಕೇಳಿದೆ, ಕೊಡಲಿಲ್ಲ. ಸತ್ತ ಕಾಗದ ಬಂದಾಗ ಮೂರು ವಾರ ತಡವಾಗಿತ್ತು, ಕೇಳಲೇ ಇಲ್ಲ. ದೀಕ್ಷಾಸ್ನಾನ ಆಗದ ಕೂಸಿಗೆ ಸ್ಮಶಾನದೊಳಗೆ ಜಾಗವಿಲ್ಲ ಎಂದರಂತೆ ಪಾದ್ರಿ. ಬಾಣಂತಿಯನ್ನು ಮಲಗಿಸಿ ನಮ್ಮಮ್ಮನೇ ಒಬ್ಬಳೇ ಹೋಗಿ ಚರ್ಚಿನ ಗೋಡೆಯ ಹೊರಗಡೆ ಮಣ್ಣು ಮಾಡಿ ಬಂದಳು. ಅಮ್ಮ ನನಗೆ ಹೇಳಿದ್ದು ಇಷ್ಟೇ. ಆ ಗೋಡೆಯ ಬುಡದಲ್ಲಿ ವರ್ಷಕ್ಕೊಂದು ಮೇಣದಬತ್ತಿ ಹಚ್ಚುತ್ತೇನೆ. ರೂಸಾ ಬರುವುದಿಲ್ಲ, "ನೀನು ಹೋಗ್ಬಾ" ಅನ್ನುತ್ತಾಳೆ. ತಂದೆಯಾಗಿ ನಾನು ಮಾಡಿದ ಏಕೈಕ ಸಾಧನೆ: ದಳದಲ್ಲಿ 'ಜನರಲ್' ಎಂಬ ಹೇಸರಗತ್ತೆ ಇತ್ತು, ಅದರ ಲಗಾಮಿನಿಂದ ಒಂದು ನೀಲಿ ಮಣಿ ಕದ್ದು, ಮಗುವಿಗೆ ದೃಷ್ಟಿಯಾಗದಿರಲಿ ಎಂದು ಲಕೋಟೆಯಲ್ಲಿಟ್ಟು ಕಳಿಸಿದೆ. ಸರಕಾರಿ ಆಸ್ತಿಯ ಕಳವು. ಅದು ತಲುಪಿತೋ ಇಲ್ಲವೋ ಯಾವತ್ತೂ ಕೇಳಲಿಲ್ಲ. ಕೇಳಿ ಏನಾಗಬೇಕು? ಜನರಲ್‌ಗೆ ದೃಷ್ಟಿಯಾಗಿ ಅದೇ ವರ್ಷ ಸತ್ತಿತು.

ಇರಲಿ. ಈ ಲಕೋಟೆಯಲ್ಲಿ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲ ಇದೆ. ನಿಮ್ಮ ಹೆಬ್ಬೆರಳಿಗೆ ಸರಿಹೋಗಬಹುದು. ರೂಸಾ ಹೆಣೆದದ್ದು; ನಿಮಗಲ್ಲ, ಮಗುವಿಗೆ. ನನ್ನನ್ನು ಬಯ್ಯಬೇಡಿ. "ಅದಕ್ಕೆ ಏಳು ಸಾವಿರ ವರ್ಷ ಕಣೇ, ನಿಮ್ಮಜ್ಜಿಯ ಅಜ್ಜಿಗಿಂತ ದೊಡ್ಡದು" ಎಂದು ನಾನು ಹೇಳಿದೆ. "ಚಳಿಗೆ ವಯಸ್ಸು ಗೊತ್ತಾ?" ಎಂದಳು.

ಅಂದ ಹಾಗೆ ರೂಸಾ ಈಗ ಮಹಾರಾಣಿಯಾಗಿದ್ದಾಳೆ. ತೋಟದ ಕೆಲಸ ಬಿಟ್ಟಳು, ಒಲೆ ಪಕ್ಕ ಕೂತು ಅಪ್ಪಣೆ ಮಾಡುತ್ತಾಳೆ, ನಾನು ಮಾಡಿದ ಅಡುಗೆಯನ್ನು ಮೂಸಿ ನೋಡಿ ಆಚೆ ತಳ್ಳುತ್ತಾಳೆ. ಪ್ರಜೆಗಳಾದ ನಾನು ಮತ್ತು ಬೆಕ್ಕು ಸಂಕಷ್ಟದಲ್ಲಿದ್ದೇವೆ.

ಗ್ರೂಡಿ


ಸೋಫಿಯಾ
30 ಏಪ್ರಿಲ್ 1985

ಗ್ರೂಡಿಯಣ್ಣ,

ಅವಸರದಲ್ಲಿ ನಾಲ್ಕೇ ಸಾಲು. ಸಮ್ಮೇಳನ ಮುಗಿಯಿತು. ನಮ್ಮ ಮಗು ಎಲ್ಲರ ಬಾಯಲ್ಲೂ! ಪ್ರಬಂಧ ಅಚ್ಚಿಗೆ ಹೋಯಿತು. ನಿಮ್ಮ ಹೆಸರನ್ನೂ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಸಿದ್ದೇನೆ.

ಕೆಟ್ಟ ಸುದ್ದಿ: ಈ ಬೇಸಿಗೆ ಅಗೆತ ಇಲ್ಲ. ಕಾರಣ ಕೇಳಬೇಡಿ, ನನಗೂ ಹೇಳಿಲ್ಲ. ನಮ್ಮ ಉಗ್ರಾಣವನ್ನು ಬೇರೆ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ, ಎಲ್ಲೆಲ್ಲೂ ಪೆಟ್ಟಿಗೆಗಳು. ಮಗು ಕ್ಷೇಮವಾಗಿದೆ, ಚಿಂತೆ ಬೇಡ.

ಕಾಲುಚೀಲ ನೋಡಿ ನಕ್ಕೂ ನಕ್ಕೂ ಸಾಕಾಯಿತು. ಮೇಜಿನ ಮೇಲೆ ಪೆನ್ಸಿಲುಗಳಿಗೆ ಟೋಪಿ ಹಾಗೆ ಹಾಕಿಟ್ಟಿದ್ದೇನೆ. ಬಂದವರೆಲ್ಲ ಕೇಳುತ್ತಾರೆ.

ರೂಸಕ್ಕನಿಗೆ ಮಹಾರಾಣಿಯ ಪದವಿ ಒಪ್ಪುತ್ತದೆ. ಕೂತಿರಲಿ ಬಿಡಿ. ಮೂವತ್ತು ವರ್ಷ ನಿಮ್ಮನ್ನು ಸಹಿಸಿಕೊಂಡವಳಿಗೆ ಅಷ್ಟೂ ಬೇಡವೇ?

ವೆಸೆಲಾ


ಸ್ತಾರಿ ಬ್ರೋದ್
11 ಆಗಸ್ಟ್ 1985

ಕಾಮ್ರೇಡ್ ವೆಸೆಲಾ,

ದಿಬ್ಬದ ಮೇಲೆ ಹುಲ್ಲು ಎದೆಯೆತ್ತರ ಬೆಳೆದಿದೆ. ಜನರಿಲ್ಲದ ಆಗಸ್ಟು ಇದೇ ಮೊದಲು. ಶಿಸ್ತಿನ ಸಿಪಾಯಿಯಂತೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಕುತ್ತೇನೆ. ಕಳ್ಳರು ಯಾರೂ ಬರುತ್ತಿಲ್ಲ. ಅವರಿಗೂ ಬೇಸರವಾಗಿರಬೇಕು.

ಈ ಕೆಳಗಿನ ಅರ್ಜಿಯನ್ನು ಅರ್ಜಿದಾರಳು ಹೇಳಿದಂತೆಯೇ ಬರೆದಿದ್ದೇನೆ:

"ಅರ್ಜಿದಾರಳು: ರೂಸಾ, ಕಾವಲುಗಾರನ ಹೆಂಡತಿ. ವಿಷಯ: ಮಗುವನ್ನು ರಜೆಯ ಮೇಲೆ ಕಳಿಸುವ ಬಗ್ಗೆ. ವೆಸೆಲಾ, ನಿನ್ನ ಕೆಲಸ ಮುಗೀತಲ್ಲಮ್ಮ, ಓದಿದ್ದೂ ಆಯ್ತು, ಬರೆದಿದ್ದೂ ಆಯ್ತು. ಇನ್ನು ಅದನ್ನ ವಾಪಸ್ ಕಳಿಸು. ಎಲ್ಲಿಂದ ತಗೊಂಡ್ಯೋ ಅಲ್ಲಿಗೆ. ಪೂರ್ತಿ ಕೊಡೋಕೆ ಆಗ್ದಿದ್ರೆ ಸೈನಿಕರಿಗೆ ಕೊಡ್ತಾರಲ್ಲ, ಹಂಗೆ ಒಂದಿನ ರಜೆ ಮೇಲಾದ್ರೂ ಕಳಿಸು. ದ್ರಾಕ್ಷಿ ಕೊಯ್ಯೋದ್ರೊಳಗೆ ಬಂದ್ರೆ ಚೆನ್ನಾಗಿತ್ತು."

ದ್ರಾಕ್ಷಿ ಕೊಯ್ಲಿಗೂ ಅದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ.

ಜುಲೈಯಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದು ಬಂದಳು. ಸೀಸೆಗೆ ಮುಚ್ಚಳ ಬಿಗಿಯುವುದು ಹೇಗೆಂದು ಅಲ್ಲಿನ ದಾದಿಯರಿಗೆ ಕಲಿಸಿಕೊಡಲು ಹೋಗಿದ್ದಳು ಎಂದು ಊರಿಗೆಲ್ಲ ಹೇಳಿದ್ದೇನೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಮಾತಾಡಿದರು. ನನ್ನಂಥವನ ಹತ್ತಿರ ಡಾಕ್ಟರು ಮರ್ಯಾದೆಯಿಂದ ಮಾತಾಡಿದ್ದು ಇದೇ ಮೊದಲು. ರೂಸಾಳ ಉಂಗುರಕ್ಕೆ ಈಗ ದಾರ ಸುತ್ತಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹಿಟ್ಟಿನಲ್ಲಿ ಬಿದ್ದುಹೋಗುತ್ತದೆ.

ಅರ್ಜಿಯನ್ನು ಬೇಗ ವಿಲೇವಾರಿ ಮಾಡಬೇಕಾಗಿ ವಿನಂತಿ.

ಗ್ರೂಡಿ


ಸ್ತಾರಿ ಬ್ರೋದ್
29 ಸೆಪ್ಟೆಂಬರ್ 1985
(ಅಂಚೆ ಕಾರ್ಡು)

ವೆಸೆಲಾ ಅವರೇ, ಉತ್ತರವಿಲ್ಲ. ನಮ್ಮ ಅಂಚೆಯೂ ಶಿಲಾಯುಗದ ಅಧ್ಯಯನಕ್ಕೆ ಇಳಿದಿರಬೇಕು. ಇವತ್ತು ದ್ರಾಕ್ಷಿ ಕೊಯ್ಲು ಮುಗಿಯಿತು. ರೂಸಾ ಕೇಳುತ್ತಾಳೆ. ದಿನಾ ಕೇಳುತ್ತಾಳೆ. — ಗ್ರೂಡಿ


ಸೋಫಿಯಾ
15 ಅಕ್ಟೋಬರ್ 1985

ಗ್ರೂಡಿಯಣ್ಣ,

ತಡವಾಯಿತು, ಕ್ಷಮಿಸಿ. ನಿಮ್ಮ ಅರ್ಜಿಗೆ ನಿಮ್ಮ ಶೈಲಿಯಲ್ಲೇ ಉತ್ತರ ಕೊಡೋಣ ಎಂದರೆ ಆಗುತ್ತಿಲ್ಲ, ಇಲ್ಲಿನ ಗೊಂದಲ ಹಾಗಿದೆ. ನೇರವಾಗಿ ಹೇಳುತ್ತೇನೆ. ಮಗು ಈಗ ರಾಜ್ಯದ ಆಸ್ತಿ. ಪೆಟ್ಟಿಗೆ ಕಟ್ಟಡ ಬಿಟ್ಟು ಹೊರಗೆ ಬರಬೇಕಾದರೆ ಮೂರು ಸಹಿ ಬೇಕು, ಸಹಿಗೆ ಮುಂಚೆ ದಾಸ್ತಾನು ಪಟ್ಟಿ ಮುಗಿಯಬೇಕು, ಪಟ್ಟಿ ಹೊಸ ವರ್ಷದವರೆಗೂ ಮುಗಿಯುವುದಿಲ್ಲ. ಆಮೇಲೆ ನೋಡೋಣ.

ರೂಸಕ್ಕನಿಗೆ ನನ್ನ ಪರವಾಗಿ ಹೇಳಿ: ಏಳು ಸಾವಿರ ವರ್ಷ ಕಾದ ಮಗುವಿಗೆ ಇನ್ನೆರಡು ತಿಂಗಳು ಯಾವ ಲೆಕ್ಕ?

ಆಸ್ಪತ್ರೆಯ ದಾದಿಯರು ಮುಚ್ಚಳ ಬಿಗಿಯಲು ಕಲಿತರೇ? ಈ ಸಲದ ಚಟ್ನಿಗಾಗಿ ಕಾಯುತ್ತಿದ್ದೇನೆ.

ವೆಸೆಲಾ


ಸ್ತಾರಿ ಬ್ರೋದ್
2 ಡಿಸೆಂಬರ್ 1985

ವೆಸೆಲಾ ಅವರಿಗೆ,

ಜೊತೆಗಿರುವ ಕಾಗದ ರೂಸಾಳ ಸಾವಿನ ಚೀಟಿ. ಇಲ್ಲಿ ಬೇಲಿಗೆ, ಬಸ್ಸು ನಿಲ್ಲುವ ಜಾಗಕ್ಕೆ, ರೊಟ್ಟಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇವೆ. ಒಂದು ಉಳಿದಿತ್ತು. ಫೋಟೋ ಎಂಬತ್ತೆರಡರದು, ನಿಮ್ಮ ಗುಂಡಿಯ ಪಕ್ಕದಲ್ಲಿ ತೆಗೆದದ್ದು. ಪಕ್ಕದಲ್ಲಿದ್ದ ನನ್ನನ್ನು ಅಚ್ಚಿನವನು ಕತ್ತರಿಸಿದ್ದಾನೆ, ಭುಜ ಮಾತ್ರ ಕಾಣುತ್ತದೆ.

ನವೆಂಬರ್ 24, ಭಾನುವಾರ, ಮಧ್ಯಾಹ್ನ. ನಲವತ್ತೇಳು ವರ್ಷ.

ಹೊಟ್ಟೆಯಲ್ಲಿ ಗಡ್ಡೆ ಇತ್ತು. ಫೆಬ್ರವರಿಯಿಂದಲೂ ಇತ್ತು. ನಾನು ನಿಮಗೆ ಮಹಾರಾಣಿ ಎಂದು ಬರೆದೆ. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ. ನಿಮ್ಮ ತಪ್ಪಿಲ್ಲ.

ನಿಮ್ಮ ಅಕ್ಟೋಬರ್ ಕಾಗದ ಓದಿ ಹೇಳಿದೆ. "ಇನ್ನೆರಡು ತಿಂಗಳು ಯಾವ ಲೆಕ್ಕ" ಎಂಬಲ್ಲಿ ನಿಲ್ಲಿಸಿ, ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಅವಳು ನನ್ನ ಮುಖ ನೋಡುತ್ತಿದ್ದಳು, ಓದಲೇಬೇಕಾಯಿತು. ಕೇಳಿ ಸ್ವಲ್ಪ ನಕ್ಕಳು. "ಸರಿಯಾಗೇ ಹೇಳವ್ಳೆ" ಎಂದಳು. ಮಂಚವನ್ನು ತಿರುಗಿಸಿ ಹಾಕು ಎಂದಳು, ಕಿಟಕಿಯಿಂದ ದಿಬ್ಬ ಕಾಣುವ ಹಾಗೆ. ಹಾಕಿದೆ.

ಕೊನೆಯ ವಾರ ಒಂದು ಬೆಳಿಗ್ಗೆ ಕರೆದು, "ಅದು ಬಂದೇ ಬರುತ್ತೆ. ಬಂದಾಗ ನನ್ನ ಜೊತೇಲಿ ಇಟ್ಬಿಡು. ಎಡಗಡೆಗೆ. ಬಿಚ್ಚಿ ನೋಡ್ಬೇಡ" ಎಂದಳು.

"ಯಾರದೋ ಕೂಸು, ನಿನ್ ಜೊತೆ ಯಾಕೇ?" ಎಂದೆ.

ಕಿಟಕಿಯಾಚೆಯ ದಿಬ್ಬವನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದು, "ಹದಿನಾಲ್ಕು ವರ್ಷ ಕಾವಲು ಕಾಯ್ದೆ ಅಲ್ವಾ ಗ್ರೂಡಿ. ಚೆನ್ನಾಗ್ ಕಾಯ್ದೆ ಕಣೋ ನೀನು" ಎಂದಳು.

ನನ್ನ ಕೆಲಸವನ್ನು ಅವಳು ಹೊಗಳಿದ್ದು ಅದೊಂದೇ ಸಲ. ಹಾಗಾಗಿ ನಿಮಗೂ ತಿಳಿಸೋಣ ಎನಿಸಿತು.

ಗ್ರೂಡಿ


ಸೋಫಿಯಾ
19 ಜನವರಿ 1986

ಗ್ರೂಡಿಯಣ್ಣ,

ಈ ಕಾಗದವನ್ನು ನಾಲ್ಕು ಸಲ ಹರಿದೆ. ಇದನ್ನು ಹರಿಯುವುದಿಲ್ಲ.

ಮೊದಲು ನನ್ನ ಸುಳ್ಳು. ಏಪ್ರಿಲ್‌ನಿಂದ ಆ ಪೆಟ್ಟಿಗೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಸಾಗಿಸುವಾಗ ಎಲ್ಲೋ ಸೇರಿಹೋಗಿತ್ತು. ಪ್ರಬಂಧ ಅಚ್ಚಾಗಿತ್ತು, ಹುಡುಕುವ ಅವಸರ ನನಗಿರಲಿಲ್ಲ. ಮೂರು ಸಹಿ, ದಾಸ್ತಾನು ಪಟ್ಟಿ, ಎಲ್ಲ ಕಟ್ಟಿದ ಮಾತು.

ನಿಮ್ಮ ಚೀಟಿ ಬಂದ ಮಾರನೆಯ ದಿನ ನೆಲಮಾಳಿಗೆಗೆ ಇಳಿದೆ. ಮೂರನೆಯ ದಿನ ಸಿಕ್ಕಿತು. ನೀರು ತಗುಲಿ ಮಣ್ಣಿನ ಹೆಂಟೆ ಎರಡು ಹೋಳಾಗಿತ್ತು. ಭುಜದ ಕೆಳಗೆ, ಇಲ್ಲಿಯವರೆಗೆ ಯಾರೂ ಬಿಡಿಸದಿದ್ದ ಕಡೆ, ಒಂದು ತುಕ್ಕು ಹಿಡಿದ ಪಿನ್ನು ಇತ್ತು. ಕೂಸಿನ ಅಂಗಿಗೆ ಚುಚ್ಚುತ್ತಾರಲ್ಲ, ಆ ಪಿನ್ನು. ಅದರಲ್ಲಿ ಕೆಂಪು ದಾರ, ದಾರದಲ್ಲಿ ಒಂದು ನೀಲಿ ಗಾಜಿನ ಮಣಿ. ಮಣಿಯ ತೂತು ಪಿನ್ನಿಗೆ ಬಹಳ ದೊಡ್ಡದು, ಜಾರದಿರಲಿ ಎಂದು ಯಾರೋ ದಾರವನ್ನು ಏಳೆಂಟು ಸುತ್ತು ಸುತ್ತಿದ್ದಾರೆ. ಅಷ್ಟು ದೊಡ್ಡ ತೂತು ಚರ್ಮದ ಪಟ್ಟಿ ಪೋಣಿಸಲು ಇರುವಂಥದು. ಲಗಾಮಿನ ಪಟ್ಟಿ.

ಏಳು ಸಾವಿರ ವರ್ಷದ ಹಿಂದೆ ಪಿನ್ನು ಇರಲಿಲ್ಲ, ಗ್ರೂಡಿಯಣ್ಣ.

ನೆಲ ಒಡೆದಿರಲಿಲ್ಲ ಎಂದು ಬರೆದೆನಲ್ಲ, ಅದು ನಿಜ. ಮೇಲಿನಿಂದ ಯಾರೂ ಅಗೆದಿರಲಿಲ್ಲ. ನೆಲ ಕಲ್ಲಿನಂತಿತ್ತು, ಒಬ್ಬ ಮುದುಕಿಯ ಗುದ್ದಲಿಗೆ ಬಗ್ಗುತ್ತಿರಲಿಲ್ಲ. ಅವರು ಇಳಿಜಾರಿನ ಕಡೆಯಿಂದ, ಹಿಪ್ಪುನೇರಳೆ ಬುಡದಿಂದ, ನರಿ ಗುಹೆ ತೋಡುವ ಹಾಗೆ ಅಡ್ಡಕ್ಕೆ ತೋಡಿ ಒಳಗಿಟ್ಟಿದ್ದಾರೆ. ಆ ಸಡಿಲ ಮಣ್ಣನ್ನು ನಾನು ನೋಡಿದ್ದೆ. ಬೇರು ಎಂದು ಬರೆದುಕೊಂಡೆ. ನನಗೆ ಅದು ಬೇರಿನ ಮಣ್ಣೇ ಆಗಿರಬೇಕಿತ್ತು.

ರೂಸಕ್ಕ ಮೊದಲ ದಿನದಿಂದ ಕೇಳಿದರು. ಅಷ್ಟು ಹಳೆಯದೆಂದು ಹೇಗೆ ಗೊತ್ತು ಎಂದು ಕೇಳಿದರು. ನಾನು ಅದನ್ನು ತಮಾಷೆ ಎಂದುಕೊಂಡೆ. ಕಾಲುಚೀಲವನ್ನು ಪೆನ್ಸಿಲಿಗೆ ಹಾಕಿದೆ.

ನಾನೇ ತರಬೇಕು. ಹೋದ ಶನಿವಾರ ಪೆಟ್ಟಿಗೆ ಹಿಡಿದು ರೈಲ್ವೆ ನಿಲ್ದಾಣಕ್ಕೆ ಹೋದೆ, ರೈಲು ಬಂತು, ಹತ್ತಲಿಲ್ಲ. ಸಂಸ್ಥೆಯ ಡ್ರೈವರ್ ಬರುತ್ತಾನೆ. ನಿಧಾನಕ್ಕೆ ಓಡಿಸು ಎಂದು ಹೇಳಿದ್ದೇನೆ. ಕಾಲುಚೀಲ ಒಳಗಿದೆ. ಪಿನ್ನು ಎಲ್ಲಿತ್ತೋ ಅಲ್ಲಿಯೇ ಇದೆ. ಇನ್ನೊಂದು ಪೆಟ್ಟಿಗೆಯಲ್ಲಿ ನಿಮ್ಮ ಸೀಸೆಗಳು, ಹನ್ನೊಂದೂ.

ವೆಸೆಲಾ


ಸ್ತಾರಿ ಬ್ರೋದ್
9 ಮಾರ್ಚ್ 1986

ತಂಗಿ ವೆಸೆಲಾ,

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪೆಟ್ಟಿಗೆ ತಲುಪಿದೆ.

ಫೆಬ್ರವರಿ ಹದಿನಾಲ್ಕಕ್ಕೆ ಬಂತು. ಆದರೆ ನೆಲ ಹೆಪ್ಪುಗಟ್ಟಿತ್ತು, ಗುದ್ದಲಿ ಇಳಿಯಲಿಲ್ಲ. ಹಾಗಾಗಿ ಕಾಯಬೇಕಾಯಿತು. ಪೆಟ್ಟಿಗೆಯನ್ನು ಒಲೆಯ ಹತ್ತಿರ, ರೂಸಾ ಕೂರುತ್ತಿದ್ದ ಕಡೆ ಇಟ್ಟಿದ್ದೆ. ಈ ಮನೆಯಲ್ಲಿ ಒಂಬತ್ತು ದಿನ ಇದ್ದವಳು ಈ ಸಲ ಇಪ್ಪತ್ತೆರಡು ದಿನ ಇದ್ದಳು. ಒಳ್ಳೆಯ ಕೂಸು. ಒಂದು ದಿನವೂ ಅಳಲಿಲ್ಲ. ಸಂಜೆ ಹೊತ್ತು ನಾನೇ ಏನಾದರೂ ಹೇಳುತ್ತಿದ್ದೆ. ಜನರಲ್‌ನ ಕತೆ ಹೇಳಿದೆ, ಅದು ಕರ್ನಲ್ ಸಾಹೇಬರ ಟೋಪಿ ತಿಂದದ್ದು.

ಬಿಚ್ಚಿ ನೋಡಬೇಡ ಎಂದಿದ್ದಳು ರೂಸಾ. ಮಣಿಗಾಗಿ ನೋಡಿದೆ. ಒಂದು ಪಕ್ಕ ಚಕ್ಕೆ ಎದ್ದಿದೆ, ಲಗಾಮಿನಿಂದ ಬಿಡಿಸುವಾಗ ನನ್ನ ಚಾಕು ತಗುಲಿದ್ದು. ತಲುಪಿತ್ತು ಹಾಗಾದರೆ. ದಾರ ಸುತ್ತಿದ್ದು ರೂಸಾ. ಅವಳ ಗಂಟು ನನಗೆ ಗೊತ್ತು, ಸೀಸೆಯ ಮುಚ್ಚಳದ ಬಟ್ಟೆಗೂ ಅದೇ ಗಂಟು ಹಾಕುತ್ತಿದ್ದಳು.

ಯಾಕೆ ಹೇಳಲಿಲ್ಲ ಎಂದು ಇಪ್ಪತ್ತೆರಡು ದಿನ ಯೋಚಿಸಿದೆ. ನಮ್ಮಮ್ಮ ಬಾಣಂತಿಗೆ ಮಾತ್ರ ನಿಜವಾದ ಜಾಗ ತಿಳಿಸಿ ಆಣೆ ಹಾಕಿಸಿಕೊಂಡಿರಬೇಕು. ಪಾದ್ರಿಗೆ ಹೆದರಿ, ಊರಿಗೆ ಹೆದರಿ, ನನಗೆ ಚರ್ಚಿನ ಗೋಡೆ ಎಂದಳು. ಅಷ್ಟಾದರೂ ದೇವರ ಹತ್ತಿರ ಇದೆ ಎಂದು ನಾನು ಅಂದುಕೊಳ್ಳಲಿ ಅಂತ. ಮತ್ತೆ ಆ ದಿನ, ನಾನು ಗುಂಡಿಯಿಂದ ಕುಣಿಯುತ್ತಾ ಎದ್ದು ಬಂದೆನಲ್ಲ, ಎಲ್ಲರನ್ನೂ ಕರೆದೆನಲ್ಲ, ಫೋಟೋದವನು ಬಂದನಲ್ಲ. ರೂಸಾ ಹೊಳೆಯಲ್ಲಿ ಮಡಕೆ ಚೂರು ತೊಳೆಯುತ್ತಾ ನೋಡುತ್ತಿದ್ದಳು. ಅಷ್ಟು ಖುಷಿಯಲ್ಲಿರುವ ಗಂಡನಿಗೆ ಯಾವ ಹೆಂಗಸು ಹೇಳುತ್ತಾಳೆ? ಫೋಟೋವನ್ನು ಗೋಡೆಯಿಂದ ಕಿತ್ತೆ. ಆಮೇಲೆ ಮತ್ತೆ ಅಂಟಿಸಿದೆ. ನಾನೂ ಮಗಳೂ ಒಟ್ಟಿಗೆ ಇರುವ ಫೋಟೋ ಅದೊಂದೇ.

ನೀನು ಅಳುತ್ತಾ ಕೂರಬೇಡ ತಂಗಿ. ಹೊರತೆಗೆದವನು ನಾನು, ನೀನಲ್ಲ. ಸಣ್ಣ ಕುಂಚದಲ್ಲಿ. "ಗ್ರೂಡಿಯಣ್ಣ, ನಿಮ್ಮ ಕೈ ಬೆಣ್ಣೆ" ಎಂದೆ ನೀನು. ಹಣೆಯ ಮೇಲಿನ ಮಣ್ಣು ಕುಂಚಕ್ಕೆ ಬರಲಿಲ್ಲ, ಬಗ್ಗಿ ಊದಿದೆ. ಸೈನ್ಯದಲ್ಲಿ ನನಗೆ ರಜೆ ಕೊಡಲಿಲ್ಲ, ಮಗಳ ಮುಖ ನೋಡಲಿಲ್ಲ ಎಂದು ಇಪ್ಪತ್ತೇಳು ವರ್ಷ ಹೇಳಿಕೊಂಡು ತಿರುಗಿದೆ. ನೋಡಿದ್ದೇನೆ. 1984, ಆಗಸ್ಟ್ 17, ಬೆಳಿಗ್ಗೆ ಹತ್ತೂವರೆ. ನಿನ್ನ ಪುಸ್ತಕದಲ್ಲಿ ಬರೆದಿದೆ, ನನ್ನ ಹೆಸರಿನ ಜೊತೆ. ಎಷ್ಟು ತಂದೆಯರಿಗೆ ಅದರ ದಾಖಲೆ ಇದೆ?

ನಿನ್ನೆ ಮಣ್ಣು ಸಡಿಲವಾಗಿತ್ತು. ಸತ್ತವರ ಶನಿವಾರ, ಮಹಿಳಾ ದಿನವೂ ಹೌದು. ಪಂಚಾಯಿತಿಯ ಅಧ್ಯಕ್ಷೆ ಊರಿನ ಹೆಂಗಸರಿಗೆಲ್ಲ ಒಂದೊಂದು ಕೆಂಪು ಹೂ ಕೊಡುತ್ತಿದ್ದಳು. ನನ್ನನ್ನು ಕಂಡು ಏನೂ ಕೇಳದೆ ಎರಡು ಕೊಟ್ಟಳು. ಗೋಧಿ ನಾನೇ ಬೇಯಿಸಿದೆ, ತಳ ಹತ್ತಿತು. ಹೊಸ ಪಾದ್ರಿ ಮೊದಲು ಗೇಟಿನ ಹತ್ತಿರವೇ ನಿಂತಿದ್ದ. "ದೀಕ್ಷೆ ಆಗಿಲ್ಲವಲ್ಲಪ್ಪ" ಎಂದ. "ಸ್ವಾಮೀ, ಮೊನ್ನೆ ಮೊನ್ನೆವರೆಗೆ ಈ ಕೂಸು ಕ್ರಿಸ್ತನಿಗಿಂತ ಐದು ಸಾವಿರ ವರ್ಷ ಹಿರಿಯದಾಗಿತ್ತು, ದೀಕ್ಷೆ ಕೊಡೋಕೆ ಯಾರಿದ್ರು?" ಎಂದೆ. ಹತ್ತಿರ ಬಂದು ಮಂತ್ರ ಹೇಳಿದ.

ಎಡಗಡೆಗೆ ಇಟ್ಟೆ. ಕಾಲುಚೀಲದ ಸಮೇತ. ಮುಚ್ಚುವ ಮುಂಚೆ, ಪದ್ಧತಿಯಂತೆ, ಈ ವರ್ಷದ ಒಂದು ಸ್ತೋತಿಂಕಾ ಹಾಕಿದೆ. ಏಳು ಸಾವಿರ ವರ್ಷ ಆದಮೇಲೆ ನಿನ್ನಂಥವಳು ಯಾರಾದರೂ ಬಂದರೆ, ಇಲ್ಲಿ ಮುಂಚೆಯೇ ಯಾರೋ ತೆರೆದಿದ್ದರು, ಎಲ್ಲ ಸರಿಯಾಗಿದೆ, ಮುಚ್ಚಿ ಹೋಗಬಹುದು ಎಂದು ತಿಳಿಯಲಿ.

ಚರ್ಚಿನ ಗೋಡೆಯ ಬುಡದಲ್ಲೂ ಒಂದು ಬತ್ತಿ ಹಚ್ಚಿ ಬಂದೆ. ಅಲ್ಲಿ ಯಾರೂ ಇಲ್ಲ ಎಂದು ಈಗ ಗೊತ್ತು. ಅಭ್ಯಾಸ.

ಸೀಸೆಗಳನ್ನು ತೊಳೆದು ಬೋರಲು ಹಾಕಿದ್ದೇನೆ. ಒಂದೂ ಒಡೆದಿಲ್ಲ. ರೂಸಾ ಇದ್ದಿದ್ದರೆ ನಿನ್ನನ್ನು ಕ್ಷಮಿಸುತ್ತಿದ್ದಳು.

ನಿನ್ನ ಪ್ರಬಂಧದ ವಿಷಯ ನಿನಗೆ ಬಿಟ್ಟದ್ದು. ನನಗೆ ಆ ವಿದ್ಯೆ ಇಲ್ಲ. ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕು, ಐದು ನಿಮಿಷದ್ದು. ನಿಮ್ಮ ದೊಡ್ಡ ರಿಜಿಸ್ಟರಿನಲ್ಲಿ ಇನ್ನೂರ ಹದಿನಾಲ್ಕನೇ ಸಾಲು ತೆಗೆ. ಅಲ್ಲಿ "ಲಿಂಗ: ತಿಳಿದಿಲ್ಲ" ಎಂದಿದೆಯಲ್ಲ, ಅದನ್ನು ಹೊಡೆದು "ಹೆಣ್ಣು" ಎಂದು ಬರೆ. ಪೆನ್ಸಿಲಿನಲ್ಲಿ ಬೇಡ, ಶಾಯಿಯಲ್ಲಿ.

ನಿನ್ನ ಅಣ್ಣ,
ಗ್ರೂಡಿ